ಮನೆಗೆ ಬಂದ ಗಾಳಿ ಮಷೀನು



"ವೆಂಟಿಲೇಟರ್ ಮ್ಯಾಲೆ ಹಾಕ್ಯಾರಂತ" ಎಂಬ ಸುದ್ದಿ ಊರಿಗೆ ಬಂದರೆ ಸಾಕು, ಬೀಗರು ನೆಂಟರೆಲ್ಲ ಸಿಕ್ಕ ಬಸ್ಸು ಹತ್ತಿ ದವಾಖಾನೆಗೆ ಹೊರಡುತ್ತಾರೆ. ಕೊನೆಯ ಸಲ ಮುಖ ನೋಡಿಬರೋಣ ಎಂಬ ಲೆಕ್ಕ. ಕೊರೋನಾ ಕಾಲ ಈ ಹೆದರಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿ ಹೋಯಿತು. ಇವತ್ತು ನಾನು ಮಾತಾಡುವುದು ಅದೇ ಕುಲದ, ಆದರೆ ಬೇರೆ ಸ್ವಭಾವದ ಮಷೀನಿನ ಬಗ್ಗೆ. ಎರಡು ಕೆ.ಜಿ.ಗಿಂತ ಹೆಚ್ಚು ತೂಗುವುದಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂರುತ್ತದೆ. ಒಂದು ಪೈಪು, ಪೈಪಿನ ತುದಿಗೆ ಮುಖಕ್ಕೆ ಕಟ್ಟುವ ಮಾಸ್ಕು. ರಾತ್ರಿ ಮಲಗುವಾಗ ಕಟ್ಟಿಕೊಂಡು ಬೆಳಿಗ್ಗೆ ತೆಗೆದಿಟ್ಟರೆ ರೋಗಿ ಎದ್ದು ಚಹಾ ಕುಡಿದು ಕಟ್ಟೆಯ ಮೇಲೆ ಕೂರಬಹುದು. ನಮ್ಮ ಜನ ಇದನ್ನು ಬೈಪ್ಯಾಪ್ ಅನ್ನುತ್ತಾರೆ. ಹಳ್ಳಿಯಲ್ಲಿ ಇದು ಬರೀ "ಗಾಳಿ ಮಷೀನು".

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಂಥ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಹೇಳುತ್ತೇನೆ. ಇದು ಯಾರದೋ ಒಬ್ಬರ ಮನೆಯಲ್ಲ, ಹಲವು ಮನೆಗಳನ್ನು ಸೇರಿಸಿ ಕಟ್ಟಿಕೊಂಡದ್ದು. ಅರವತ್ತೈದು ದಾಟಿದ ತಾಯಿ. ಬೀಡಿ ಮುಟ್ಟಿದವಳಲ್ಲ. ಆದರೆ ಮದುವೆಯಾಗಿ ಬಂದ ದಿನದಿಂದ ಒಲೆಯ ಮುಂದೆ ಕೂತು ರೊಟ್ಟಿ ಬಡಿದವಳು. ಕಲಘಟಗಿ ಸೀಮೆಯಲ್ಲಿ ಕಾಡಿನ ಕಟ್ಟಿಗೆ, ನವಲಗುಂದ, ಅಣ್ಣಿಗೇರಿ ಕಡೆ ಹತ್ತಿಕಟ್ಟಿಗೆ ಮತ್ತು ಕುಳ್ಳು. ಹೊಗೆ ಎಲ್ಲಿಯದಾದರೂ ಒಂದೇ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಯ ಹೆಣ್ಣುಮಕ್ಕಳನ್ನು ಅಭ್ಯಾಸ ಮಾಡಿ 2013ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ದಿನಕ್ಕೆ ಎಷ್ಟು ತಾಸು ಒಲೆಯ ಮುಂದೆ, ಎಷ್ಟು ವರ್ಷ, ಈ ಎರಡನ್ನು ಗುಣಿಸಿ. ಗುಣಲಬ್ಧ 60 ಮುಟ್ಟಿತೆಂದರೆ ದೀರ್ಘಕಾಲದ ಕೆಮ್ಮು ಕಫದ ಅಪಾಯ ಶುರುವಾಯಿತು ಅಂತ. ನಮ್ಮ ಈ ತಾಯಿಯದನ್ನು ಗುಣಿಸೋಣ: ದಿನಕ್ಕೆ ಮೂರು ತಾಸು, ನಲವತ್ತು ವರ್ಷ. 120. ಮನೆಗೆ ಗ್ಯಾಸ್ ಬಂದಿದೆ, ನಿಜ. ಅದರ ಮೇಲೆ ಚಹಾ ಆಗುತ್ತದೆ. ರೊಟ್ಟಿ, ಸ್ನಾನದ ನೀರು ಇನ್ನೂ ಒಲೆಯ ಮೇಲೇ.

ಮೊದಲು ಮಳೆಗಾಲಕ್ಕೊಮ್ಮೆ ದಮ್ಮು ಬರುತ್ತಿತ್ತು. ಆಮೇಲೆ ಬಂದದ್ದು ಹೋಗದಾಯಿತು. ಕಾಲು ಬಾತವು. ಬೆಳಿಗ್ಗೆ ಎದ್ದ ಕೂಡಲೇ ತಲೆ ಭಾರ. ಮಗ ಬಂದು ಹೇಳುವುದು ಇಷ್ಟು: "ಡಾಕ್ಟರ್ರೀ, ಹಗಲೆಲ್ಲಾ ನಿದ್ದಿ ಹೊಡೀತಾಳ್ರಿ ನಮ್ಮವ್ವ. ಉಣ್ಣಾಕ ಕುಂತ್ರ ಗಂಗಾಳದ ಮುಂದನ ತೂಕಡಸ್ತಾಳ್ರಿ. ಬೆರಳಿಗೆ ಹಚ್ಚೋ ಮಷೀನಿನ್ಯಾಗ 84 ತೋರಸ್ತಿತ್ತು, ಅದಕ್ಕ ಆಕ್ಸಿಜನ್ ಐದಕ್ಕ ಏರ್ಸಿದ್ವಿ. ಈಗ 97 ಐತ್ರಿ. ಆದ್ರೂ ಏಳವಲ್ಲಳು."

ಮಗನ ಈ ಕೊನೆಯ ಮಾತಿನಲ್ಲೇ ಇವತ್ತಿನ ಭಾಷಣ ಇದೆ. ಆಕ್ಸಿಜನ್ 97, ಆದರೂ ಅವ್ವ ಏಳವಲ್ಲಳು.

ಉಸಿರಾಟಕ್ಕೆ ಎರಡು ಕೆಲಸ. ಆಕ್ಸಿಜನ್ನನ್ನು ಒಳಗೆ ತರುವುದು ಒಂದು, ಕಾರ್ಬನ್ ಡೈಆಕ್ಸೈಡನ್ನು ಹೊರಗೆ ಹಾಕುವುದು ಇನ್ನೊಂದು. ನಮ್ಮ ಈ ತಾಯಿಗೆ ಬಂದ ಸಿಓಪಿಡಿ ಎಂಬ ಕಾಯಿಲೆಯಲ್ಲಿ ಶ್ವಾಸಕೋಶ ಉಬ್ಬಿ ಹೋಗಿ ವಪೆ ಚಪ್ಪಟೆಯಾದಾಗ, ಎದೆಯ ಗೂಡು ಗೂನಿನಿಂದ ಸೊಟ್ಟಗಾದಾಗ, ಹಳೆಯ ಟಿ.ಬಿ. ಒಂದು ಕಡೆಯ ಶ್ವಾಸಕೋಶವನ್ನೇ ತಿಂದುಹೋದಾಗ, ಇಲ್ಲವೆ ಸ್ನಾಯುಗಳ ಬಲವೇ ಉಡುಗಿದಾಗ ಎರಡನೆಯ ಕೆಲಸ ಕೆಡುತ್ತದೆ. ಬೆಳಕಿಂಡಿ ಮುಚ್ಚಿದ ಅಡಿಗೆಮನೆಯಲ್ಲಿ ಹೊಗೆ ನಿಂತಂತೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ನಿಲ್ಲುತ್ತದೆ. ನಿದ್ದೆಯಲ್ಲಿ ಎಲ್ಲರ ಉಸಿರೂ ಹಗುರಾಗುವುದರಿಂದ ರಾತ್ರಿ ಇದು ಏರುತ್ತದೆ. ಬೆಳಗಿನ ತಲೆಭಾರ, ಹಗಲಿನ ಮಂಪರು, ಕೈ ನಡುಕ ಎಲ್ಲದರ ಮೂಲ ಇದೇ. ಬೆರಳಿಗೆ ಹಚ್ಚುವ ಯಂತ್ರ ಆಕ್ಸಿಜನ್ನನ್ನು ಮಾತ್ರ ತೋರಿಸುತ್ತದೆ, ಇದನ್ನು ತೋರಿಸುವುದಿಲ್ಲ. ಇದು ಗೊತ್ತಾಗಬೇಕಾದರೆ ಮಣಿಕಟ್ಟಿನ ನಾಡಿಯಿಂದ ರಕ್ತ ತೆಗೆದು ಗ್ಯಾಸ್ ಪರೀಕ್ಷೆ ಮಾಡಬೇಕು. ಅಲ್ಲಿ 35ರಿಂದ 45 ಇರಬೇಕಾದದ್ದು 60, 70 ಆಗಿರುತ್ತದೆ. ಇಂಥವರಿಗೆ ಆಕ್ಸಿಜನ್ ಹೆಚ್ಚೆಚ್ಚು ಬಿಟ್ಟರೆ ಕಾರ್ಬನ್ ಡೈಆಕ್ಸೈಡ್ ಇನ್ನೂ ಏರುತ್ತದೆ. ಅದಕ್ಕೇ ಇವರಿಗೆ ಬೆರಳಿನ ಯಂತ್ರದಲ್ಲಿ 88ರಿಂದ 92 ಇದ್ದರೆ ಸಾಕು. 97 ಇವರ ಪಾಲಿಗೆ ಒಳ್ಳೆಯ ಸುದ್ದಿಯಲ್ಲ.

ಆಕ್ಸಿಜನ್ ಸರಿಯಿದ್ದರೆ ಉಸಿರಾಟವೂ ಸರಿಯಿದೆ ಎಂಬ ಈ ತಪ್ಪು ಕಲ್ಪನೆ ಹಳ್ಳಿಯದಷ್ಟೇ ಅಂತ ತಿಳಿಯಬೇಡಿ. ದೊಡ್ಡ ದೊಡ್ಡ ಡಾಕ್ಟರುಗಳೂ ಇದರಲ್ಲಿ ಸಿಕ್ಕಿಬಿದ್ದಿದ್ದರು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಪಿಡುಗು ಬಿತ್ತು. ಕಾಲಿಗಷ್ಟೇ ಅಲ್ಲ, ಉಸಿರಾಟದ ಸ್ನಾಯುಗಳಿಗೂ ಬಡಿಯಿತು. ಬ್ಲೆಗ್‌ಡಮ್ ಆಸ್ಪತ್ರೆಯಲ್ಲಿ ಮೊದಲ ಮೂರು ವಾರದೊಳಗೆ, ಉಸಿರಾಟ ಸೋತ 31 ಜನರಲ್ಲಿ 27 ಜನ ತೀರಿಕೊಂಡರು. ಆಕ್ಸಿಜನ್ ಕೊಟ್ಟಿದ್ದರು, ಮೈಬಣ್ಣ ಕೆಂಪಗೇ ಇತ್ತು. ಆದರೂ ಸಾಯುತ್ತಿದ್ದರು. ರಕ್ತದ ವರದಿ ನೋಡಿದವರು ರಕ್ತದಲ್ಲಿ ಕ್ಷಾರ ಹೆಚ್ಚಾಗಿದೆ ಅಂದುಕೊಂಡರು. ಅರಿವಳಿಕೆ ವೈದ್ಯ ಬ್ಯೋರ್ನ್ ಇಬ್ಸೆನ್ ಮಾತ್ರ, ಅಲ್ಲ, ಇದು ಹೊರಗೆ ಹೋಗದೆ ನಿಂತ ಕಾರ್ಬನ್ ಡೈಆಕ್ಸೈಡ್ ಎಂದರು. ಆಗಸ್ಟ್ ಕೊನೆಯಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳ ಗಂಟಲಿಗೆ ರಂಧ್ರ ಮಾಡಿ, ನಳಿಕೆ ಹಾಕಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಒತ್ತಿ ಉಸಿರಾಡಿಸಿ ತೋರಿಸಿದರು. ಆಮೇಲೆ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಚೀಲ ಒತ್ತಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗೆ ಇಳಿಯಿತು. ನಮ್ಮ ಆಂಬ್ಯುಲೆನ್ಸುಗಳಲ್ಲಿ ಇವತ್ತು ಕಾಣುವ, ಒತ್ತಿದರೆ ತಾನಾಗಿ ಮತ್ತೆ ಉಬ್ಬುವ ಆಂಬು ಚೀಲ ಅದೇ ದೇಶದಲ್ಲಿ ನಾಲ್ಕು ವರ್ಷದ ಮೇಲೆ, 1956ರಲ್ಲಿ ಬಂತು.

ಅಂದಿನ ಚೀಲ ಒತ್ತುವ ಕೈಯ ಕೆಲಸವನ್ನೇ ಇಂದಿನ ಬೈಪ್ಯಾಪ್ ಮಾಡುತ್ತದೆ, ಗಂಟಲಿಗೆ ರಂಧ್ರ ಮಾಡದೆ. ಉಸಿರು ಎಳೆಯುವಾಗ ಗಾಳಿಯನ್ನು ಜೋರಾಗಿ ತಳ್ಳುತ್ತದೆ, ಬಿಡುವಾಗ ಒತ್ತಡ ಇಳಿಸುತ್ತದೆ. ರಾತ್ರಿಯಿಡೀ ಸ್ನಾಯುಗಳಿಗೆ ವಿಶ್ರಾಂತಿ ಸಿಕ್ಕು ಹಗಲಿನಲ್ಲಿ ಅವು ತಾವೇ ದುಡಿಯುತ್ತವೆ. ಇದರಿಂದ ಆಯುಷ್ಯ ಹೆಚ್ಚುತ್ತದೆಯೇ? ಜರ್ಮನಿ, ಆಸ್ಟ್ರಿಯಾದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದ 195 ಸಿಓಪಿಡಿ ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಷೀನು ಕೊಟ್ಟ ಗುಂಪಿನಲ್ಲಿ ವರ್ಷದೊಳಗೆ ತೀರಿಕೊಂಡವರು ನೂರಕ್ಕೆ 12. ಕೊಡದ ಗುಂಪಿನಲ್ಲಿ ನೂರಕ್ಕೆ 33. ಸ್ನಾಯು ಕ್ಷಯದ ಹುಡುಗರಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಡ್ಯೂಶೆನ್ ಎಂಬ ಈ ರೋಗದಲ್ಲಿ ಹುಡುಗ ಹತ್ತು ಹನ್ನೆರಡಕ್ಕೆ ಗಾಲಿಕುರ್ಚಿಗೆ ಬರುತ್ತಾನೆ, ಹದಿಹರೆಯ ಮುಗಿಯುವ ಹೊತ್ತಿಗೆ ಉಸಿರು ಸೋಲುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1960ರ ದಶಕದಲ್ಲಿ ಇಂಥವರ ಸರಾಸರಿ ಆಯುಷ್ಯ 14 ವರ್ಷ ಚಿಲ್ಲರೆ ಇತ್ತು. 1990ರ ನಂತರ ರಾತ್ರಿ ಮಷೀನು ಹಾಕಿಸಿಕೊಂಡವರದು 25 ದಾಟಿತು.

ಇಷ್ಟು ಕೇಳಿ ನಾಳೆಯೇ ಹುಬ್ಬಳ್ಳಿಗೆ ಹೋಗಿ ಮಷೀನು ಕೊಳ್ಳಬೇಡಿ. ದವಾಖಾನೆಯಿಂದ ಬಿಡುಗಡೆಯ ದಿನ ಗಾಬರಿಯಲ್ಲಿ ಕೊಂಡ ಮಷೀನುಗಳೇ ಅಟ್ಟದ ಮೇಲೆ ಹೆಚ್ಚು ಕೂತಿರುವುದು. ಸಿಓಪಿಡಿಯವರಲ್ಲಿ ಕಾಯಿಲೆ ಉಲ್ಬಣಿಸಿದಾಗ ಏರಿದ ಕಾರ್ಬನ್ ಡೈಆಕ್ಸೈಡ್ ಕೆಲವರಲ್ಲಿ ತಾನಾಗಿ ಇಳಿಯುತ್ತದೆ. ಬ್ರಿಟನ್ನಿನ 2017ರ ಅಧ್ಯಯನದಲ್ಲಿ ಹುಷಾರಾದ ಮೇಲೆ ಎರಡರಿಂದ ನಾಲ್ಕು ವಾರ ಬಿಟ್ಟು ಮತ್ತೆ ರಕ್ತ ನೋಡಿದರು. ಆಗಲೂ 53 ದಾಟಿದ್ದವರಿಗೆ ಮಾತ್ರ ಮಷೀನು. ಹಾಗೆ ಆರಿಸಿ ಕೊಟ್ಟದ್ದರಿಂದ, ಮತ್ತೆ ಆಸ್ಪತ್ರೆ ಸೇರುವ ಅಥವಾ ಸಾಯುವ ಹೊತ್ತು ಸರಾಸರಿ ಒಂದೂವರೆ ತಿಂಗಳಿನಿಂದ ನಾಲ್ಕು ತಿಂಗಳ ಮೇಲಕ್ಕೆ ಹೋಯಿತು. ಗೂನು, ಸ್ನಾಯು ದೌರ್ಬಲ್ಯ ಇರುವವರ ಮಾತು ಬೇರೆ. ಅವರಲ್ಲಿ ಹೀಗೆ ಕಾಯುತ್ತ ಕೂರಬಾರದು.

ಇನ್ನೊಂದು ಎಚ್ಚರಿಕೆ. ಸಿಪ್ಯಾಪ್ ಬೇರೆ, ಬೈಪ್ಯಾಪ್ ಬೇರೆ. ಸಿಪ್ಯಾಪ್ ಒಂದೇ ಒತ್ತಡದ್ದು, ಗೊರಕೆಯಲ್ಲಿ ಉಸಿರು ನಿಲ್ಲುವವರಿಗೆ. ನೋಡಲು ಎರಡೂ ಒಂದೇ ಥರ, ಸಿಪ್ಯಾಪ್ ಅಗ್ಗ. ಅಗ್ಗ ಅಂತ ತಂದರೆ ನಮ್ಮ ಈ ತಾಯಿಗೆ ಅದರಿಂದ ಉಪಯೋಗ ಕಡಿಮೆ. ಹಾಗೆಯೇ ಬೀಗರ ಮನೆಯಲ್ಲಿ ಒಬ್ಬರು ತೀರಿಕೊಂಡ ಮೇಲೆ ಉಳಿದ ಮಷೀನು ತರುವುದುಂಟು. ತರಲಿ, ತಪ್ಪಿಲ್ಲ. ಆದರೆ ಅದರೊಳಗಿನ ಒತ್ತಡ ಆ ಸತ್ತವರ ಎದೆಗೆ ಹೊಂದಿಸಿದ್ದು. ಡಾಕ್ಟರ ಹತ್ತಿರ ಒಯ್ದು ಹೊಸದಾಗಿ ಹೊಂದಿಸಿಕೊಳ್ಳದೆ ಕಟ್ಟಬಾರದು. ನನ್ನ ಅಭಿಪ್ರಾಯ ಕೇಳಿದರೆ ಮೊದಲ ತಿಂಗಳು ಬಾಡಿಗೆಗೆ ತಂದು ನೋಡುವುದು ಜಾಣತನ.

ಇನ್ನು ಕರೆಂಟಿನ ಮಾತು. ಬಮ್ಮಿಗಟ್ಟಿ ಕಡೆಯದು ಮಲೆನಾಡಿನ ಸೆರಗು. ಮಳೆಗಾಲದಲ್ಲಿ ಟೊಂಗೆ ಮುರಿದು ತಂತಿಯ ಮೇಲೆ ಬಿತ್ತೆಂದರೆ ಲೈನ್‌ಮನ್ ಬರುವತನಕ ಕತ್ತಲೆ. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಊರೊಳಗಿನ ಮನೆಗಳ ಲೈನು ಪಂಪ್‌ಸೆಟ್ಟಿನ ಲೈನಿನಿಂದ ಬೇರೆಯಾಯಿತು, ಒಳ್ಳೆಯದಾಯಿತು. ಆದರೆ ಹೊಲದಲ್ಲೇ ಮನೆ ಮಾಡಿಕೊಂಡವರು ಇನ್ನೂ ಪಂಪ್‌ಸೆಟ್ಟಿನ ಲೈನನ್ನೇ ನಂಬಿದ್ದರೆ ಅವರು ಮಷೀನು ತರುವ ಮುನ್ನ ಈ ಮಾತನ್ನು ಡಾಕ್ಟರಿಗೆ ಹೇಳಲೇಬೇಕು.

ಸಮಾಧಾನದ ಸಂಗತಿ ಅಂದರೆ ಬೈಪ್ಯಾಪ್ ಹೆಚ್ಚು ಕರೆಂಟು ತಿನ್ನುವುದಿಲ್ಲ. ನೀರು ಬಿಸಿ ಮಾಡುವ ತೊಟ್ಟಿ ಹಚ್ಚದಿದ್ದರೆ ಸುಮಾರು 40 ವ್ಯಾಟ್. ರಾತ್ರಿ ಎಂಟು ತಾಸಿಗೆ ಯೂನಿಟ್ಟಿನ ಮೂರನೆಯ ಒಂದು ಭಾಗ, ತಿಂಗಳಿಗೆ ಹತ್ತು ಯೂನಿಟ್. ಮನೆಯಲ್ಲಿ 150 ಎಎಚ್ ಬ್ಯಾಟರಿಯ ಇನ್ವರ್ಟರ್ ಇದ್ದರೆ ಒಂದು ರಾತ್ರಿಯನ್ನು ಆರಾಮಾಗಿ ದಾಟಿಸುತ್ತದೆ. ಆಕ್ಸಿಜನ್ ತಯಾರಿಸುವ ಕಾನ್ಸಂಟ್ರೇಟರ್ ಹಾಗಲ್ಲ. ಐದು ಲೀಟರಿನದು 350 ವ್ಯಾಟ್ ಸುತ್ತಮುತ್ತ ಎಳೆಯುತ್ತದೆ. ಅದೇ ಬ್ಯಾಟರಿಯ ಮೇಲೆ ಮೂರು ತಾಸು ನಡೆದರೆ ಹೆಚ್ಚು. ರಕ್ತದಲ್ಲಿ ಆಕ್ಸಿಜನ್ ಸದಾ ತೀರಾ ಕಡಿಮೆ ಇರುವವರಿಗೆ ದಿನಕ್ಕೆ 15 ತಾಸಾದರೂ ಕೊಡಬೇಕು ಎಂಬುದು 1980ರ ದಶಕದ ಆರಂಭದಲ್ಲೇ ಸಿದ್ಧವಾದ ಮಾತು. ಹಾಗೆ 15 ತಾಸು ಹಚ್ಚಿದರೆ ತಿಂಗಳಿಗೆ 157 ಯೂನಿಟ್ ಆಗುತ್ತದೆ. 2023ರ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಕರೆಂಟು ಬಿಟ್ಟಿ ಅಂತ ನಾವು ಬಾಯಿಮಾತಿಗೆ ಹೇಳುತ್ತೇವೆ. ನಿಜದಲ್ಲಿ ಅದು ಆ ಮನೆಯ ಹಳೆಯ ಸರಾಸರಿಯ ಮೇಲೆ ಒಂದಿಷ್ಟು ಸೇರಿಸಿ ಕಟ್ಟಿದ ಮಿತಿ. ಎರಡು ಬಲ್ಬು, ಒಂದು ಟಿ.ವಿ. ಇದ್ದ ಮನೆಯ ಸರಾಸರಿ ಎಷ್ಟಿರುತ್ತದೆ? ರೋಗಿ ಮನೆಗೆ ಬಂದ ತಿಂಗಳು ಬಿಲ್ಲೂ ಬರುತ್ತದೆ. 200 ದಾಟಿದರೆ ಪೂರ್ತಿ ಕಟ್ಟಬೇಕು. ಉಸಿರಿಗಾಗಿ ಸುಟ್ಟ ಯೂನಿಟ್ಟುಗಳನ್ನು ಈ ಲೆಕ್ಕದಿಂದ ಹೊರಗಿಡುವುದು ಸರಕಾರಕ್ಕೆ ದೊಡ್ಡ ಭಾರವಲ್ಲ ಎಂದು ನನಗೆ ಅನ್ನಿಸುತ್ತದೆ.

ದೊಡ್ಡ ಭಾರವಲ್ಲ ಅಂದೆ. ಯುರೋಪಿನ 16 ದೇಶಗಳಲ್ಲಿ ಹಿಂದೆ ಎಣಿಸಿದಾಗ ಲಕ್ಷ ಜನಕ್ಕೆ 6.6 ಮಂದಿ ಮನೆಯಲ್ಲಿ ಇಂಥ ಮಷೀನು ಬಳಸುತ್ತಿದ್ದರು. 2011ರ ಜನಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ 18.47 ಲಕ್ಷ. ಅದೇ ಪ್ರಮಾಣ ಹಿಡಿದರೆ ಇಡೀ ಜಿಲ್ಲೆಗೆ ನೂರಿಪ್ಪತ್ತು ಮಷೀನು. ಬಡ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಆಸ್ಪತ್ರೆಯ ಖರ್ಚು ನೋಡಿಕೊಳ್ಳುವ ಆಯುಷ್ಮಾನ್ ಭಾರತ್, ಆರೋಗ್ಯ ಕರ್ನಾಟಕ ನಮ್ಮಲ್ಲಿದೆ. ಅದು ಐಸಿಯು ಮಂಚಕ್ಕೆ. ಮತ್ತೆ ಮತ್ತೆ ಐಸಿಯು ಸೇರುವುದನ್ನು ತಪ್ಪಿಸುವ ಮನೆಯ ಮಷೀನಿನ ಹಣ ಮಾತ್ರ ಮಗನ ಸೋಯಾಬೀನ್, ಗೋವಿನಜೋಳದ ದುಡ್ಡಿನಿಂದ ಬರಬೇಕು.

ಮಷೀನು ಬಂತು ಅನ್ನೋಣ. ಮೊದಲ ವಾರವೇ ಕಠಿಣ. "ಉಸುರು ಕಟ್ಟತೈತಿ, ತಗೀರಿ ಇದನ್ನ" ಅಂತ ತಾಯಿ ಕಿತ್ತೆಸೆಯುತ್ತಾಳೆ. ಬೈದು ಕಟ್ಟಬಾರದು. ಹಗಲು ಎಚ್ಚರಿದ್ದಾಗ, ಟಿ.ವಿ. ನೋಡುತ್ತ ಕೂತಾಗ, ಮಾಸ್ಕನ್ನು ಅವಳ ಕೈಗೇ ಕೊಟ್ಟು ಮೂಗಿಗೆ ಹಿಡಿದುಕೊಳ್ಳಲು ಹೇಳಿ. ಬೆಲ್ಟು ಆಮೇಲೆ. ಮುಖದ ವಿಷಯದಲ್ಲಿ ಕಂಪನಿಯ ಪುಸ್ತಕ ಹೇಳದ ಸಂಗತಿಗಳು ನಮ್ಮಲ್ಲಿವೆ. ಮೂಗುತಿಯ ಸಂದಿನಿಂದ ಗಾಳಿ ಸೋರುತ್ತದೆ. ಗಂಡಸರ ಹುರಿಮೀಸೆಯಿಂದಲೂ. ಹಲ್ಲಿನ ಸೆಟ್ಟು ತೆಗೆದಿಟ್ಟರೆ ಗಲ್ಲ ಒಳಗೆ ಹೋಗಿ ಮಾಸ್ಕು ಕೂರುವುದಿಲ್ಲ. ಮುಖಕ್ಕೆ ಹಚ್ಚಿದ ಎಣ್ಣೆಯಿಂದ ಮಾಸ್ಕು ಜಾರುತ್ತದೆ, ಬೇಗ ಹಾಳೂ ಆಗುತ್ತದೆ. ವಿಭೂತಿ ಹಚ್ಚುವವರು ರಾತ್ರಿ ಮುಖ ತೊಳೆದು ಒರೆಸಿ ಕಟ್ಟಿಕೊಳ್ಳಲಿ. ಎಲೆ ಅಡಿಕೆ ತಂಬಾಕು ಬಾಯಲ್ಲಿ ಇಟ್ಟುಕೊಂಡು ಮಲಗುವ ರೂಢಿ ಇದ್ದರೆ ಬಿಡಲೇಬೇಕು, ಒಳಗೆ ತಳ್ಳುವ ಗಾಳಿ ಅದನ್ನು ಶ್ವಾಸನಾಳಕ್ಕೆ ಒಯ್ದೀತು. ಊಟವಾಗಿ ತಾಸೊತ್ತು ಕಳೆದ ಮೇಲೆ ಕಟ್ಟಿ. ವಾಂತಿ ಬರುವ ಹಾಗಿದ್ದರೆ ತಕ್ಷಣ ತೆಗೆಯಿರಿ.

ಮಾಸ್ಕಿನ ಮುಂದೆ, ಅಥವಾ ಪೈಪು ಸೇರುವಲ್ಲಿ, ಸಣ್ಣ ಸಣ್ಣ ತೂತುಗಳಿರುತ್ತವೆ. ಅಲ್ಲಿಂದ ಸುಂಯ್ ಅಂತ ಗಾಳಿ ಬರುತ್ತದೆ. "ಸೋರಾಕ್ಹತ್ತೇತಿ" ಅಂತ ಹತ್ತಿ ತುರುಕಿ ಮೇಲೆ ಟೇಪು ಸುತ್ತಿದ್ದನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬಿಟ್ಟ ಉಸಿರು, ಅಂದರೆ ನಾವು ಹೊರಗೆ ಹಾಕಬೇಕೆಂದು ಇಷ್ಟೆಲ್ಲ ಒದ್ದಾಡುತ್ತಿರುವ ಆ ಕಾರ್ಬನ್ ಡೈಆಕ್ಸೈಡ್, ಹೋಗುವುದೇ ಆ ತೂತಿನಿಂದ. ಕರೆಂಟು ಹೋಗಿ ಮಷೀನು ನಿಂತರೆ ಮಾಸ್ಕನ್ನು ಮುಖದಿಂದ ತೆಗೆದುಬಿಡಿ. ರಾತ್ರಿ ಮಾತ್ರ ಬಳಸುವವರಿಗೆ ಕೆಲವು ತಾಸು ಇಲ್ಲದಿದ್ದರೂ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ರಾಶಿಯ ದಿನಗಳಲ್ಲಿ ಗೋವಿನಜೋಳದ ಧೂಳು ಹಾರುವಾಗ ಮಷೀನಿನ ಹಿಂದಿನ ಫಿಲ್ಟರನ್ನು ಎರಡು ದಿನಕ್ಕೊಮ್ಮೆ ನೋಡಿ. ನೀರಿನ ತೊಟ್ಟಿ ಇದ್ದರೆ ನಳದ ನೀರು ಬೇಡ. ಆಕ್ಸಿಜನ್ ನಳಿಕೆ ಜೋಡಿಸಿದ್ದರೆ ಬೀಡಿ, ಒಲೆ, ದೇವರ ದೀಪ ಯಾವುದೂ ಆ ಕೋಣೆಯಲ್ಲಿ ಇರಬಾರದು. ದೇವರ ಜಗುಲಿ ಅದೇ ಕೋಣೆಯಲ್ಲಿದ್ದರೆ ರೋಗಿಯ ಮಂಚವನ್ನು ಬೇರೆ ಕಡೆ ಹಾಕಿ.

ಗಂಟಲಿಗೆ ರಂಧ್ರ ಮಾಡಿ ನಳಿಕೆ ಹಾಕಿ, ಹಗಲು ರಾತ್ರಿ ಮಷೀನಿನ ಮೇಲೆ ಇರುವವರ ಮನೆಯ ಕಥೆ ಪೂರಾ ಬೇರೆ. ಬೆನ್ನುಹುರಿಯ ಮೇಲ್ಭಾಗಕ್ಕೆ ಪೆಟ್ಟಾದವರು, ನರಗಳು ಸೋಲುತ್ತ ಬರುವ ಎಎಲ್‌ಎಸ್ ರೋಗಿಗಳು ಇಂಥವರು. ಅಲ್ಲಿ ಒಳಗೇ ಬ್ಯಾಟರಿ ಇರುವ, ಅಲಾರಂ ಹೊಡೆಯುವ ಯಂತ್ರ ಬೇಕು. ಕಫ ಎಳೆಯುವ ಸಕ್ಷನ್ ಮಷೀನು ಬೇಕು, ಬದಲಿ ನಳಿಕೆ ಬೇಕು, ಕೈಗೆಟಕುವಲ್ಲಿ ಆಂಬು ಚೀಲ ನೇತಾಡುತ್ತಿರಬೇಕು. ಅದನ್ನು ಒತ್ತಲು ಕಲಿತವರು ಮನೆಯಲ್ಲಿ ಇಬ್ಬರಾದರೂ ಇರಬೇಕು, ಅದರಲ್ಲಿ ಒಬ್ಬರು ಎಚ್ಚರಿರಬೇಕು. ನಮ್ಮ ಮನೆಗಳಲ್ಲಿ ಆ ಎಚ್ಚರಿರುವ ಒಬ್ಬರು ಯಾವಾಗಲೂ ಸೊಸೆಯೇ. ಬೆಳಗಿನ ಐದಕ್ಕೆ ಎದ್ದು ದನದ ಕೆಲಸ ಮಾಡುವವಳೂ ಅವಳೇ. ಗಂಡಸರು ಪಾಳಿ ಹಂಚಿಕೊಳ್ಳದ ಮನೆಗೆ ಈ ಮಷೀನು ಕಳಿಸುವ ಮೊದಲು ನಾನಂತೂ ಎರಡು ಸಲ ಯೋಚಿಸುತ್ತೇನೆ.

ಈ ಸ್ಥಿತಿಗೆ ಬರಬಹುದಾದ ರೋಗಿಗಳ ಹತ್ತಿರ ಮಾತನ್ನು ಮೊದಲೇ ಆಡಬೇಕು. ಉಸಿರು ಪೂರಾ ಸೋತಾಗ ಗಂಟಲಿನ ರಂಧ್ರ ಬೇಕೋ ಬೇಡವೋ ಎಂದು ಎಚ್ಚರ ತಪ್ಪಿದ ಮೇಲೆ ಯಾರನ್ನು ಕೇಳುವುದು? ಸುಪ್ರೀಂ ಕೋರ್ಟು 2018ರಲ್ಲಿ ಇದಕ್ಕೆ ದಾರಿ ಮಾಡಿ 2023ರಲ್ಲಿ ಸರಳಗೊಳಿಸಿತು. ರೋಗಿ ತನ್ನ ಇಚ್ಛೆಯನ್ನು ಮೊದಲೇ ಇಬ್ಬರು ಸಾಕ್ಷಿಗಳ ಎದುರು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿದರೆ ಸಾಕು. 2025ರ ಜನವರಿ ಕೊನೆಗೆ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಜಾರಿಗೆ ತರುವ ಆದೇಶವನ್ನೂ ಹೊರಡಿಸಿದೆ. ಬೇಡ ಎಂದು ಬರೆದುಕೊಡಲಿ ಅಂತ ನಾನು ಹೇಳುತ್ತಿಲ್ಲ. ಬೇಕು ಅನ್ನುವವರೂ ಇದ್ದಾರೆ, ವರ್ಷಗಟ್ಟಲೆ ಬಾಳಿದವರೂ ಇದ್ದಾರೆ. ಕೇಳುವುದು ರೋಗಿಯನ್ನು, ಅವರು ಮಾತಾಡಬಲ್ಲ ದಿನದಲ್ಲಿ.

ಕೊನೆಯದಾಗಿ ಒಂದು ಚೀಟಿಯ ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ಡಾಕ್ಟರ ಕೈಯಿಂದ ಒಂದು ರಟ್ಟಿನ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಸಿಕೊಳ್ಳಿ: ಈ ರೋಗಿಗೆ ಕಾರ್ಬನ್ ಡೈಆಕ್ಸೈಡ್ ಏರುವ ತೊಂದರೆ ಇದೆ, ಬೆರಳಿನ ಯಂತ್ರದಲ್ಲಿ 88ರಿಂದ 92 ಬರುವಷ್ಟೇ ಆಕ್ಸಿಜನ್ ಕೊಡಿ, ಮಷೀನಿನ ಒತ್ತಡ ಮೇಲೆ ಇಷ್ಟು, ಕೆಳಗೆ ಇಷ್ಟು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಷೀನಿಗೇ ಕಟ್ಟಿಬಿಡಿ. ಕಫ ಹಳದಿಯಾಗಿ ಜ್ವರ ಬಂದರೆ, ಮಾತು ತೊದಲಿದರೆ, ಎಬ್ಬಿಸಿದರೂ ಏಳದಿದ್ದರೆ ಬೆಳಗಾಗಲಿ ಅಂತ ಕಾಯದೆ 108ಕ್ಕೆ ಫೋನ್ ಮಾಡಿ. ಗಾಡಿ ಬಂದಾಗ ಆ ಚೀಟಿಯನ್ನು ಅವರಿಗೆ ಓದಿಸಿ, ಮಾಸ್ಕು ಪೈಪು ಸಮೇತ ಮಷೀನನ್ನೂ ರೋಗಿಯ ಜೊತೆಗೇ ಗಾಡಿಯಲ್ಲಿ ಇಡಿ.